ಕೂಸಿನ ಕಾಲಿಗೆ ಕಟ್ಟಿದ ಸೀರೆಯಂಚು

ನಮ್ಮ ಮನೆಯಲ್ಲಿ ಒಂದು ಸನ್ನೆ ಇತ್ತು. ಅಂಗೈಯನ್ನು ಭುಜದ ಮೇಲಿಂದ ಹಿಂದಕ್ಕೆ ಒಮ್ಮೆ ಬೀಸಿದರೆ ‘ಆಮೇಲೆ ಹೇಳ್ತೀನಿ’ ಎಂದು ಅರ್ಥ. ಬಾದನಹಟ್ಟಿಯ ನಮ್ಮ ಪಡಸಾಲೆಯಲ್ಲಿ ಎಲ್ಲರೂ ಕೂತು ನಗುತ್ತಿರುವಾಗ ನನ್ನ ತಂಗಿ ಯಾರದಾದರೂ ಮೊಣಕೈ ಹಿಡಿದು, ಗದ್ದ ಎತ್ತಿ, ಏನು ಎಂದು ಕೇಳುತ್ತಿದ್ದಳು. ಅವ್ವ, ಅಪ್ಪ, ಪಕ್ಕದ ಮನೆಯವರು, ಎಲ್ಲರೂ ಅದೇ ಕೈ ಬೀಸುತ್ತಿದ್ದರು. ಆ ‘ಆಮೇಲೆ’ ಒಂದು ದಿನವೂ ಬರಲಿಲ್ಲ. ತಂಗಿ ಹುಟ್ಟಿನಿಂದ ಕಿವಿ ಕೇಳಿಸದವಳು. ಊರಿನವರು ಮೂಕಿ ಎನ್ನುತ್ತಿದ್ದರು. ಹಾಗೆ ಅಂದವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ನನ್ನ ಬಾಯಿ ದೊಡ್ಡದೆಂದು ಊರಲ್ಲಿ ಹೆಸರಾದದ್ದೇ ಹಾಗೆ. ಇಬ್ಬರಿಗೆ ಕೊಡುವ ಬಾಯಿಯನ್ನು ದೇವರು ಒಬ್ಬಳಿಗೇ ಕೊಟ್ಟುಬಿಟ್ಟ ಎಂದು ಅವ್ವ ಬೈಯುತ್ತಿದ್ದಳು.

ನಾನು ಮದುವೆಯಾಗಿ ಬಳ್ಳಾರಿಯ ಪಾರ್ವತಿನಗರಕ್ಕೆ ಬಂದು, ಮನೆಯ ಮುಂಗೋಣೆಯಲ್ಲೇ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟೆ. ತಂಗಿ ನನ್ನ ಹತ್ತಿರ ಹೊಲಿಗೆ ಕಲಿತಳು. ನನ್ನ ಗಿರಾಕಿಗಳ ತಗಾದೆ ನೋಡಿ ಬೇಸತ್ತು, ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಕಾರ್ಖಾನೆ ಸೇರಿದಳು. ಒಮ್ಮೆ ಅವಳು ಮರೆತುಹೋದ ಊಟದ ಡಬ್ಬಿ ಕೊಡಲು ಹೋದಾಗ ಆ ಮಶೀನುಗಳ ಸದ್ದಿಗೆ ನನ್ನ ತಲೆ ಸಿಡಿದುಹೋಯಿತು. ಕಿವಿ ಕೇಳಿಸುವ ಹೆಂಗಸರು ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಕಿರುಚುತ್ತಿದ್ದರು. ತಂಗಿ ಮಾತ್ರ ಈ ಸಾಲಿನಲ್ಲಿ ಕೂತು ಆ ತುದಿಯ ಸಾಲಿನವಳ ಜೊತೆ ಆರಾಮಾಗಿ ಕೈಯಲ್ಲಿ ಹರಟುತ್ತಿದ್ದಳು, ಹೊಟ್ಟೆ ಹಿಡಿದು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಲ್ಲಿ ಅವಳಂಥ ಇನ್ನೂ ಕೆಲವರಿದ್ದರು. ನಮ್ಮ ಮನೆಯ ಮುರುಕು ಸನ್ನೆಗಳ ಬದಲಿಗೆ ಒಂದು ಇಡೀ ಭಾಷೆ ಅವಳಿಗೆ ಅಲ್ಲಿ ಸಿಕ್ಕಿತು. ನಾನೂ ಅವಳಿಂದಲೇ ಅದನ್ನು ಕಲಿತೆ.

ಅವರ ಸ್ನೇಹಿತರ ಗುಂಪಿನಲ್ಲೇ ಅವಳಿಗೆ ಗಂಡನೂ ಸಿಕ್ಕ. ಅವನಿಗೂ ಕಿವಿ ಕೇಳಿಸುವುದಿಲ್ಲ. ಮರದ ಸಾಮಾನಿಗೆ ಪಾಲಿಶ್ ಹೊಡೆಯುವ ಕೆಲಸ. ಊರು ಸಿರುಗುಪ್ಪ. ಅವರ ಮನೆಯಲ್ಲೂ ಅದೇ ಕೈ ಬೀಸುವ ಸನ್ನೆ ಇದೆ ಎಂದು ಅವನು ತೋರಿಸಿದಾಗ ನಾವೆಲ್ಲ ನಕ್ಕಿದ್ದೆವು. ಅದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಕೇಳಿಸುವವರ ಮನೆಗಳಲ್ಲಿ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಗಂಡ ಹೆಂಡತಿ ಸತ್ಯನಾರಾಯಣಪೇಟೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಇಬ್ಬರೂ ದುಡಿಯುತ್ತಿದ್ದರು. ಕರೆಗಂಟೆಗೆ ಬದಲು ಬಾಗಿಲ ಹೊರಗೆ ಒಂದು ಸ್ವಿಚ್ಚು. ಒತ್ತಿದರೆ ಒಳಗೆ ಬಲ್ಬು ಮಿನುಗುತ್ತದೆ. ನಾನು ಹೋದಾಗಲೆಲ್ಲ ಬೇಕೆಂದೇ ಹತ್ತಾರು ಸಲ ಒತ್ತಿ ತಂಗಿಯಿಂದ ಬೈಸಿಕೊಳ್ಳುತ್ತಿದ್ದೆ.

ಹೆರಿಗೆಗೆ ಅವಳು ಬಾದನಹಟ್ಟಿಯ ತವರಿಗೆ ಬಂದಳು, ನಾನೂ ಬಳ್ಳಾರಿಯಿಂದ ಆಗಾಗ ಹೋಗಿ ಇದ್ದು ಬರುತ್ತಿದ್ದೆ. ಆಸ್ಪತ್ರೆಯಲ್ಲಿ ನರ್ಸಮ್ಮ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ‘ಮುಕ್ಕು, ಜೋರು ಹಾಕಿ ಮುಕ್ಕವ್ವ’ ಎಂದು ಕೂಗುತ್ತಿದ್ದರೆ, ತುಟಿಯೂ ಕಾಣದೆ ತಂಗಿ ಕಣ್ಣರಳಿಸಿ ಬಾಗಿಲ ಕಡೆ ನೋಡುತ್ತಿದ್ದಳಂತೆ. ಬಾಗಿಲ ಹೊರಗೆ ನಾನು ಗಲಾಟೆ ಮಾಡಿ ಒಳಗೆ ನುಗ್ಗಿದೆ. ಅವಳ ಎದುರು ನಿಂತು ಕೈಯಲ್ಲಿ ಹೇಳಿದ ಮೇಲೆ ಕೂಸು ಹೊರಗೆ ಬಂತು. ಹೆಣ್ಣು ಕೂಸು.

ಆಮೇಲೆ ಶುರುವಾಯಿತು ನೋಡಿ ಪರೀಕ್ಷೆ. ಕೂಸು ನೋಡಲು ಬಂದವರೆಲ್ಲ ಅದರ ತಲೆಯ ಹಿಂದೆ ಚಪ್ಪಾಳೆ ತಟ್ಟುವವರೇ. ಒಬ್ಬಳಂತೂ ಸ್ಟೀಲಿನ ತಾಟಿಗೆ ಚಮಚದಿಂದ ಬಡಿದಳು. ಕೂಸು ಬೆಚ್ಚಿಬಿದ್ದು ಅತ್ತಿತು. ‘ಕೇಳತೈತಿ! ಕೇಳತೈತಿ!’ ಎಂದು ಎಲ್ಲರೂ ಕುಣಿದರು. ನಾನು ಆ ತಾಟು ಕಸಿದು ಅಂಗಳಕ್ಕೆ ಎಸೆದೆ. ತಂಗಿ ಮಂಚದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಯಾವುದರ ಪರೀಕ್ಷೆ, ಯಾತಕ್ಕೆ ಖುಷಿ, ಅವಳಿಗೆ ಪೂರ್ತಿ ಗೊತ್ತಿತ್ತು. ಕೂಸು ತನ್ನಂತಾಗಲಿಲ್ಲ ಎಂದು ಜನ ತನ್ನೆದುರೇ ಹಬ್ಬ ಮಾಡಿದರೆ ತಾಯಿಗೆ ಏನನ್ನಿಸಬೇಕು? ನನಗಂತೂ ಮೈ ಉರಿದುಹೋಗಿತ್ತು.

ರಾತ್ರಿ ಕೂಸು ಅತ್ತರೆ ಹೇಗೆ ತಿಳಿಯಬೇಕು ಎಂಬುದಕ್ಕೆ ಕಾರ್ಖಾನೆಯ ಹಿರಿಯ ಹೆಂಗಸೊಬ್ಬಳು ಉಪಾಯ ಹೇಳಿಕೊಟ್ಟಿದ್ದಳು. ಅವಳಿಗೂ ಕಿವಿ ಕೇಳಿಸುವುದಿಲ್ಲ, ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಅವಳು ಹೇಳಿದಂತೆ ತಂಗಿ ಅವ್ವನ ಹಳೆಯ ನೂಲಿನ ಸೀರೆಯ ಅಂಚನ್ನು ಪಟ್ಟಿಯಾಗಿ ಹರಿದಳು. ದಾರವಾದರೆ ಚರ್ಮ ಕೊಯ್ಯುತ್ತದೆ, ಹೊಸ ಬಟ್ಟೆ ಒರಟು. ಒಂದು ತುದಿ ಕೂಸಿನ ಎಡಗಾಲಿಗೆ, ಸಡಿಲವಾಗಿ. ಇನ್ನೊಂದು ತುದಿ ತನ್ನ ಮಣಿಕಟ್ಟಿಗೆ. ಕೂಸು ಮಿಸುಕಿದರೆ ಸಾಕು, ತಂಗಿ ಎದ್ದು ಕೂತಿರುತ್ತಿದ್ದಳು. ಪಕ್ಕದಲ್ಲಿ ಮಲಗಿದ ಅವ್ವನಿಗೆ ಅಳು ಕೇಳಿಸುವ ಹೊತ್ತಿಗೆ ಕೂಸಿನ ಬಾಯಿಗೆ ಹಾಲು ಬಿದ್ದಾಗಿರುತ್ತಿತ್ತು.

‘ದನ ಕಟ್ಟಿದಂಗ ಕಟ್ಟತಾಳಲ್ಲ ಬೇ ಕೂಸಿನ್ನ. ನೋಡಿದವ್ರು ಏನಂದಾರು?’ ಎಂದು ಅವ್ವ ಗೊಣಗುತ್ತಿದ್ದಳು.

‘ನೋಡಾಕ ಬಂದವ್ರು ತಾಟು ಬಡೀತಾರ. ಅದಕ್ಕಿಂತ ಇದು ಚಲೋ ಐತಿ,’ ಎಂದೆ.

ತಿಂಗಳು ಕಳೆದಂತೆ ನನಗೊಂದು ವಿಚಿತ್ರ ಕಂಡಿತು. ಕೂಸಿಗೆ ಹಸಿವಾದರೆ, ಒದ್ದೆಯಾದರೆ, ಮೊದಲು ಎಡಗಾಲು ಒದೆಯುತ್ತಿತ್ತು. ಒದ್ದು ಸುಮ್ಮನಾಗಿ ಕಾಯುತ್ತಿತ್ತು, ಮತ್ತೆ ಒದೆಯುತ್ತಿತ್ತು. ಬಾಗಿಲು ತಟ್ಟಿ ಒಳಗಿನವರು ಬರುವವರೆಗೆ ನಿಲ್ಲುತ್ತೇವಲ್ಲ, ಹಾಗೆ. ಅಳು ಎಂಬುದು ಅದಕ್ಕೆ ತೀರ ಕಡೆಯ ಮಾತಾಗಿತ್ತು. ಅಳುವುದರಿಂದ ಈ ತಾಯಿ ಬರುವುದಿಲ್ಲ ಎಂಬುದು ಆ ಪುಟ್ಟ ತಲೆಗೆ ಹೊಳೆದುಬಿಟ್ಟಿತ್ತು. ತಂಗಿಗೆ ಹೇಳಿದರೆ, ಇದೇನು ಮಹಾ ಎಂಬಂತೆ ಹುಬ್ಬು ಹಾರಿಸಿದಳು.

ಐದನೇ ತಿಂಗಳಿಗೆ ಸಿರುಗುಪ್ಪದಿಂದ ತಂಗಿಯ ಅತ್ತೆ, ಅವರ ಹಿರಿಸೊಸೆ, ಇನ್ನಿಬ್ಬರು ಬಂಧುಗಳು ಬಾಣಂತಿಯನ್ನು ಕರೆದೊಯ್ಯಲು ಬಂದರು. ನಮ್ಮ ಕಡೆ ಕೂಸು ತಂದೆಯ ಮನೆಗೆ ಮೊದಲು ಕಾಲಿಡುವುದು ಬೆಸ ತಿಂಗಳಲ್ಲಿ. ಹಾಗಾಗಿ ಬಳ್ಳಾರಿಯ ಕೋಣೆಗೆ ಹೋಗುವ ಮೊದಲು ಸಿರುಗುಪ್ಪಕ್ಕೆ ಹೋಗಲೇಬೇಕು. ಅಷ್ಟೇ ಎಂದುಕೊಂಡಿದ್ದೆವು. ಊಟವಾಗಿ ಎಲೆ ಅಡಿಕೆಗೆ ಕೂತಾಗ ಅತ್ತೆ ಮಾತು ತೆಗೆದರು.

‘ಬೀಗತಿ, ಒಂದ್ ಮಾತು. ಕೂಸು ನಮ್ಮ ಹತ್ರನ ಇರ್ಲಿ. ಇವ್ರಿಬ್ರಿಗೂ ಬಾಯಿಲ್ಲ, ಕಿವಿಯಿಲ್ಲ. ಕೂಸಿಗೆ ಮಾತು ಕಲ್ಸೋರ್ ಯಾರು? ಅತ್ರ ಕೇಳೋರ್ ಯಾರು? ಇಕಿ ಕೆಲ್ಸಕ್ಕ ಹೋಗ್ಲಿ, ಬೇಕಾದಾಗ ಬಂದು ನೋಡ್ಲಿ. ಸಾಲಿಗೆ ಹೋಗೋ ವಯಸ್ಸಿಗೆ ಮುಂದಿಂದು ನೋಡೂಣು.’

ಅವರು ಕೆಟ್ಟವರಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. ಕೆಟ್ಟವರಾದರೆ ಜಗಳವಾಡಬಹುದು. ಕೂಸಿನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಅವರು ಮನಸಾರೆ ನಂಬಿದ್ದರು. ಅವ್ವನ ಮುಖ ನೋಡಿದೆ. ಅವ್ವ ತಲೆಯಾಡಿಸುತ್ತಿದ್ದಳು! ‘ನನಗೂ ಅದ ಚಿಂತಿ ಐತ್ರಿ’ ಎಂದುಬಿಟ್ಟಳು.

ತಂಗಿ ನನ್ನ ಮೊಣಕೈ ಹಿಡಿದು ಗದ್ದ ಎತ್ತಿದಳು. ಅವ್ವನ ಕೈ ಆಗಲೇ ಭುಜದ ಕಡೆ ಏಳುತ್ತಿತ್ತು. ನಾನು ಅಷ್ಟರಲ್ಲಿ ಒಂದೊಂದು ಮಾತನ್ನೂ ಬಿಡದೆ ಕೈಯಲ್ಲಿ ಹೇಳಿದೆ. ಅವ್ವ ಒಪ್ಪಿದ್ದನ್ನೂ ಹೇಳಿದೆ.

‘ಅದನ್ನೆಲ್ಲ ಈಗ್ ಯಾಕ್ ಹೇಳಾಕತ್ತೀಯಲೇ?’ ಅವ್ವ ರೇಗಿದಳು.

‘ಅಕಿ ಹಡದಾಕಿ ಅದಾಳ, ಅದಕ್ಕ,’ ಎಂದೆ.

ತಂಗಿ ಕೂಸನ್ನು ಎದೆಗೆ ಒತ್ತಿಕೊಂಡು, ಒಂದು ಕೈ ಬಿಡಿಸಿ, ಎದೆ ತಟ್ಟಿಕೊಂಡಳು. ನನ್ನದು. ಮತ್ತೆ ತಟ್ಟಿಕೊಂಡಳು. ಗಂಟಲಿನಿಂದ ಒಂದು ದೊಡ್ಡ ಸದ್ದು ಬಂತು. ಅತ್ತೆ ಗಾಬರಿಯಾಗಿ ‘ಆತು ಬಿಡವ್ವ, ಆತು, ನಿಂದ ಕೂಸು’ ಎಂದು ಕೈಯಾಡಿಸಿದರು. ಅವ್ವ ಕಣ್ಣೊರೆಸಿಕೊಳ್ಳುತ್ತ ಉಡಿ ತುಂಬಿದಳು. ಗಾಡಿ ಹೊರಟಿತು. ಮಾತು ಮುಗಿಯಿತು ಎಂದುಕೊಂಡು ನಾನು ಬಳ್ಳಾರಿಗೆ ಬಂದೆ.

ಮಾತು ಮುಗಿದಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದಾಗ ತಂಗಿ ಓಡುತ್ತ ಬಂದಳು. ಕೈಯಲ್ಲಿ ಕೂಸಿಲ್ಲ. ರವಿಕೆ ಎದೆಯ ಹತ್ತಿರ ಹಾಲಿನಿಂದ ಒದ್ದೆಯಾಗಿ ಸೆರಗಿಗೆ ಅಂಟಿತ್ತು. ಕೈಗಳು ಎಷ್ಟು ವೇಗವಾಗಿ ಓಡುತ್ತಿದ್ದವೆಂದರೆ ಅವಳು ಹೇಳಿದ್ದು ನನಗೆ ಮೊದಲಿಗೆ ತಿಳಿಯಲೇ ಇಲ್ಲ. ಅತ್ತೆ ಕಸಬರಿಗೆ ತೋರಿಸಿ, ಬಳ್ಳಾರಿಯ ಕೋಣೆ ಸ್ವಚ್ಛ ಮಾಡಿ ಬಾ, ಸಂಜೆಗೆ ಕೂಸನ್ನು ತಂದುಬಿಡುತ್ತೇವೆ ಎಂದು ಸನ್ನೆ ಮಾಡಿದ್ದರಂತೆ. ಅವಳು ಸೀರೆಯಂಚಿನ ಪಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟು, ಹೀಗೆ ಕಟ್ಟಿಕೊಳ್ಳಿ ಎಂದು ತೋರಿಸಿ, ಅವರು ಹೂಂ ಎಂದು ತಲೆಯಾಡಿಸಿದ ಮೇಲೆಯೇ ಹೊರಟಿದ್ದಳು. ಅದು ಹಿಂದಿನ ದಿನ. ಸಂಜೆ ಯಾರೂ ಬರಲಿಲ್ಲ. ವಿಡಿಯೋ ಕಾಲ್ ಮಾಡಿದರೆ ಹಿರಿಸೊಸೆ ದೂರದಿಂದ ಜೋಲಿ ತೋರಿಸಿ, ಕೆನ್ನೆಯ ಕೆಳಗೆ ಕೈ ಮಡಚಿ, ಮಲಗಿದೆ ಎಂದು ಸನ್ನೆ ಮಾಡಿ ಕಟ್ ಮಾಡಿದ್ದಳು. ಮುಂಜಾನೆಯಿಂದ ಫೋನು ಎತ್ತುತ್ತಿಲ್ಲ. ಗಂಡ ಪಾಲಿಶ್ ಕೆಲಸಕ್ಕೆಂದು ಹೊಸಪೇಟೆಯಲ್ಲಿದ್ದ.

ನಾನು ಫೋನ್ ಹಚ್ಚಿದೆ. ನನ್ನ ಹೆಸರು ನೋಡಿ ಹಿರಿಸೊಸೆ ಎತ್ತಿದಳು.

‘ಕೂಸು ಬಾಳ ಶಾಣ್ಯಾ ಐತಕ್ಕ. ನಿನ್ನಿ ಜರಾ ಅತ್ತಿತ್ತು. ಇವತ್ತು ಅಳೂದ ಇಲ್ಲ, ತನ್ನಷ್ಟಕ್ಕ ತಾನು ಕಾಲ್ ಆಡಿಸಿಕೋತ ಮಲ್ಕೊಂಡೈತಿ.’

ನಾನು ಫೋನ್ ಇಟ್ಟೆ. ಏನಂದಳು ಎಂದು ತಂಗಿ ಕೇಳಿದಳು. ಕಾಲು ಆಡಿಸುತ್ತಿದೆಯಂತೆ ಎಂದು ಹೇಳಿದೆ. ಅವಳು ನನ್ನ ಕೈ ಹಿಡಿದು ಎಳೆದಳು. ಶಟರ್ ಅರ್ಧಕ್ಕೇ ಬಿಟ್ಟು ನಾವು ಬಸ್ ನಿಲ್ದಾಣಕ್ಕೆ ಓಡಿದೆವು.

ಸಿರುಗುಪ್ಪದ ಬಸ್ಸು ಅಂದು ಮುಂದಕ್ಕೆ ಸಾಗುತ್ತಲೇ ಇಲ್ಲ ಎನಿಸಿತು. ಜನ ಕೈ ಮಾಡಿದಲ್ಲೆಲ್ಲ ಡ್ರೈವರ್ ನಿಲ್ಲಿಸುತ್ತಿದ್ದ. ತೆಕ್ಕಲಕೋಟೆಯಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದ. ನಾನು ಕಿಟಕಿಯಿಂದ ತಲೆ ಹಾಕಿ ಅವನ ಮೇಲೆ ಕೂಗಾಡಿದೆ. ‘ಏಮೈಂದಮ್ಮಾ ನಿಮಗ, ಅವಸರ ಪಡಬ್ಯಾಡ್ರಿ’ ಎಂದು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಅವನು ನಕ್ಕ. ತಂಗಿ ಯಾರ ಕಡೆಯೂ ನೋಡಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು, ಪಟ್ಟಿ ಕಟ್ಟುತ್ತಿದ್ದ ಜಾಗವನ್ನೇ ತಿಕ್ಕುತ್ತಿದ್ದಳು. ಹೊರಗೆ ಭತ್ತದ ಗದ್ದೆ ಮುಗಿಯುತ್ತಲೇ ಇರಲಿಲ್ಲ. ನನ್ನ ದೊಡ್ಡ ಬಾಯಿ ಅಂದು ಒಂದು ಬಸ್ಸನ್ನು ಮುಂದಕ್ಕೆ ತಳ್ಳಲಾರದಾಯಿತು.

ಮನೆಯಲ್ಲಿ ಅತ್ತೆ ಬಾಗಿಲಿಗೇ ಎದುರಾದರು. ‘ನೀವ್ ಯಾಕ್ ಬಂದ್ರಿ? ನಾವ ಹೇಳಿ ಕಳಸಾಕಿದ್ವಿ...’ ಅವರ ಮಾತು ಮುಗಿಯುವ ಮೊದಲೇ ತಂಗಿ ಅವರನ್ನು ಬದಿಗೆ ಸರಿಸಿ ಒಳಗೆ ಹೋದಳು. ನಡುಮನೆಯಲ್ಲಿ ಸೀರೆಯ ಜೋಲಿ ತೂಗುಹಾಕಿದ್ದರು. ಅದರ ಪಕ್ಕದಲ್ಲೇ ಕೂತು ಹಿರಿಸೊಸೆ ಅಕ್ಕಿ ಆರಿಸುತ್ತಿದ್ದಳು. ಜೋಲಿಯ ಬಟ್ಟೆ ಒಂದು ಕಡೆ ಉಬ್ಬುತ್ತಿತ್ತು, ಸುಮ್ಮನಾಗುತ್ತಿತ್ತು, ಮತ್ತೆ ಸಣ್ಣದಾಗಿ ಉಬ್ಬುತ್ತಿತ್ತು. ಎಡಗಾಲು. ಒದ್ದು ಕಾಯುತ್ತಿತ್ತು. ಅಷ್ಟು ಹತ್ತಿರ ಕೂತ ಹೆಂಗಸಿಗೆ, ಎರಡೂ ಕಿವಿ ಸರಿಯಿದ್ದವಳಿಗೆ, ಕೂಸು ಕರೆಯುತ್ತಿದೆ ಎಂದು ಗೊತ್ತಿರಲಿಲ್ಲ. ಅಳು ಬಂದರೆ ಎತ್ತಿಕೊಳ್ಳೋಣ ಎಂದು ಅವಳು ಕಾಯುತ್ತಿದ್ದಳು. ಸೀರೆಯಂಚಿನ ಪಟ್ಟಿ ಎಲ್ಲಿ ಎಂದು ನೋಡಿದೆ. ಅದನ್ನು ಕಿಟಕಿಗೆ ಬಿಗಿದಿದ್ದರು. ಗಾಳಿಗೆ ಕಿಟಕಿ ಬಡಿದ ಸದ್ದಿಗೆ ಕೂಸು ಎದ್ದುಬಿಡಬಾರದಂತೆ.

ತಂಗಿ ಕೂಸನ್ನು ಎತ್ತಿದಳು. ಹಿಂದಿನಿಂದ ಬಟ್ಟೆಯೆಲ್ಲ ನೀರುನೀರು ಭೇದಿಯಿಂದ ತೊಯ್ದಿತ್ತು. ತುಟಿ ಒಣಗಿ ಬೆಳ್ಳಗಾಗಿತ್ತು. ನೆತ್ತಿಯ ಮೆತ್ತನೆ ಜಾಗ ಕುಸಿದಿತ್ತು. ಮೈ ಸುಡುತ್ತಿತ್ತು. ಎದೆಗೆ ಹಚ್ಚಿಕೊಂಡರೆ ಬಾಯಿ ತೆರೆಯಿತು, ಚೀಪುವ ಶಕ್ತಿ ಇರಲಿಲ್ಲ. ತಂಗಿ ಅದೇ ಸೀರೆಯಲ್ಲಿ, ಅದೇ ತೊಯ್ದ ಕೂಸಿನೊಡನೆ ಬೀದಿಗೆ ಇಳಿದಳು. ಬಿರುಬಿಸಿಲು. ನಾನು ಹಿಂದೆ ಓಡಿದೆ, ಓಡುವ ಮೊದಲು ಕಿಟಕಿಯಿಂದ ಪಟ್ಟಿಯನ್ನು ಬಿಚ್ಚಿಕೊಂಡೆ. ಯಾಕೆ ಎಂದು ನನಗೇ ಗೊತ್ತಿಲ್ಲ. ನಮ್ಮ ಹಿಂದೆ ಚಪ್ಪಲಿಯಿಲ್ಲದೆ ಅತ್ತೆ.

ಎರಡು ಬೀದಿಯಾಚೆ ಮಕ್ಕಳ ಡಾಕ್ಟರೊಬ್ಬರ ಸಣ್ಣ ದವಾಖಾನೆಯಿತ್ತು. ಡಾಕ್ಟರಮ್ಮ ಕೂಸನ್ನು ನೋಡಿದವರೇ ಸಲೈನ್ ಹಚ್ಚಲು ಹೇಳಿ, ನಮ್ಮ ಕಡೆ ತಿರುಗಿ, ‘ತಾಯಿ ಯಾರು?’ ಎಂದರು.

‘ಅಕಿಗೆ ಕೇಳ್ಸಂಗಿಲ್ರಿ. ನನಗ ಹೇಳ್ರಿ,’ ಎಂದರು ಅತ್ತೆ, ಏದುಸಿರು ಬಿಡುತ್ತ.

ಡಾಕ್ಟರಮ್ಮ ಒಂದು ಕ್ಷಣ ಅತ್ತೆಯನ್ನು ನೋಡಿದರು. ಮಾಸ್ಕ್ ಕೆಳಗೆ ಎಳೆದುಕೊಂಡರು, ತಂಗಿಯ ಎದುರು ಬಂದು ನಿಂತು, ಅವಳಿಗೇ ಕೇಳಿದರು: ಯಾವಾಗಿನಿಂದ ಭೇದಿ? ಏನು ಕುಡಿಸಿದ್ದೀರಿ? ನಾನು ಪಕ್ಕದಲ್ಲಿ ನಿಂತು ಕೈಯಲ್ಲಿ ಹೇಳಿದೆ. ಕೂಸು ನಿನ್ನೆಯಿಂದ ತನ್ನ ಹತ್ತಿರ ಇರಲಿಲ್ಲ ಎಂದು ತಂಗಿ ಹೇಳಿ, ಅತ್ತೆಯ ಕಡೆ ತಿರುಗಿ, ಬಾಟಲಿ ಹಿಡಿದಂತೆ ಕೈ ಮಾಡಿ, ಗದ್ದ ಎತ್ತಿದಳು. ಏನು?

ಅತ್ತೆಗೆ ಅದು ಚೆನ್ನಾಗಿ ಅರ್ಥವಾಯಿತು. ‘ಎಮ್ಮಿ ಹಾಲ್ರಿ... ನೀರ್ ಹಾಕಿ ಕುಡಿಸೀನಿ. ನನ್ನ ಮಕ್ಕಳಿಗೂ ಹಂಗ ಕುಡಿಸಿದ್ದೆ. ಇವತ್ತು ಅಳ್ಳೇ ಇಲ್ಲರೀ ಅದು. ಅತ್ತಿದ್ರ ನನಗ ತಿಳೀತಿರ್ಲಿಲ್ಲೇನು?’

ಅಳುವ ಶಕ್ತಿ ಉಳಿದಿಲ್ಲ ಎಂದರು ಡಾಕ್ಟರಮ್ಮ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು, ಈಗಲೂ ಸಂಜೆಯವರೆಗೆ ಏನೂ ಹೇಳುವುದಿಲ್ಲ ಎಂದರು. ಆ ಮಾತನ್ನು ಕೈಯಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ. ಆದರೂ ಪೂರ್ತಿ ಹೇಳಿದೆ. ತಂಗಿ ಅಳಲಿಲ್ಲ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಎರಡು ಬೆರಳನ್ನು ಕೂಸಿನ ಎಡಪಾದದ ಮೇಲೆ ಇಟ್ಟಳು.

ಆ ಮಧ್ಯಾಹ್ನ ನಾನು ಬೇಡದ ದೇವರಿಲ್ಲ. ಸಲೈನ್ ಹನಿಹನಿಯಾಗಿ ಇಳಿಯುತ್ತಿತ್ತು. ಗೋಡೆಯ ಬಳಿಯ ಬೆಂಚಿನ ಮೇಲೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಾನು ಅವರ ಜೊತೆ ಮಾತಾಡಲಿಲ್ಲ. ಬಾಯಿ ತೆರೆದಿದ್ದರೆ ಆ ಬೀದಿಯ ಜನವೆಲ್ಲ ಕೂಡುತ್ತಿದ್ದರು. ಕೊನೆಗೆ ಅವರೇ ಕೇಳಿದರು, ಜೋಲಿಯಲ್ಲಿ ಕೂಸು ಯಾಕೆ ಹಾಗೆ ಕಾಲು ಒದೆಯುತ್ತಿತ್ತು ಎಂದು. ಹೇಳಿದೆ. ಒದೆತವೇ ಅದರ ಅಳು ಎಂದು ಹೇಳಿದೆ. ಅವರು ಬಾಯಿಗೆ ಒತ್ತಿಕೊಂಡಿದ್ದ ಸೆರಗನ್ನು ತೆಗೆದರು.

‘ನಿನ್ನಿ ಇಡೀ ದಿನ ಒದ್ದೈತವ್ವ. ಆಟ ಆಡತೈತಿ ಅಂತ ನಾ ನಗಾಕತ್ತಿದ್ದೆ,’ ಎಂದರು.

ಬಿಸಿಲು ಇಳಿಯುವ ಹೊತ್ತಿಗೆ ತಂಗಿಯ ಬೆನ್ನು ಒಮ್ಮೆಲೇ ನೆಟ್ಟಗಾಯಿತು. ನಾನು ಎದ್ದು ಹೋದೆ. ಅವಳ ಬೆರಳ ಕೆಳಗೆ ಆ ಪುಟ್ಟ ಪಾದ ಮಿಸುಕಿತು, ನಿಂತಿತು, ಮತ್ತೆ ಒದ್ದಿತು. ಈ ಸಲ ಜೋರಾಗಿ. ಡಾಕ್ಟರಮ್ಮ ಬಂದು ನೋಡಿ ಎದೆಹಾಲು ಕೊಡು ಎಂದರು. ಕೂಸು ಚೀಪಿತು. ಆಗ ಮಾತ್ರ ತಂಗಿಯ ಕಣ್ಣಿಂದ ನೀರು ಬಂತು. ನಾನಂತೂ ಆ ನೆಲದ ಮೇಲೆ ಕೂತು ಹೋ ಎಂದು ಅತ್ತುಬಿಟ್ಟೆ.

ಹಾಲು ಕುಡಿಸಿ ಮುಗಿದ ಮೇಲೆ ತಂಗಿ ನನ್ನ ಕಡೆ ತಿರುಗಿ, ಹೇಳು ಎಂದಳು. ಕೂಸು ಬಳ್ಳಾರಿಗೆ, ತನ್ನ ಕೋಣೆಗೆ ಬರುತ್ತದೆ. ತಾನು ಕೆಲಸಕ್ಕೆ ಹೋದಾಗ ನನ್ನ ಅಂಗಡಿಯಲ್ಲಿರುತ್ತದೆ, ಮಧ್ಯಾಹ್ನ ಬಂದು ಹಾಲು ಕೊಡುತ್ತಾಳೆ. ಮಾತು ಕಲಿಸಲು ನನ್ನ ಬಾಯಿ ಸಾಲದೇ ಎಂದೂ ಕೇಳಿದಳು. ನಾನು ಒಂದೊಂದನ್ನೂ ಅತ್ತೆಗೆ ಹೇಳಿದೆ. ಅವರು ತಲೆ ತಗ್ಗಿಸಿ, ‘ಕರ್ಕೊಂಡ್ ಹೋಗ್ಲಿ. ಅಕಿ ಕೂಸು. ನಾನ್ ಅಡ್ಡ ಬರಂಗಿಲ್ಲ’ ಎಂದರು.

ಪಟ್ಟಿ ನನ್ನ ಸೊಂಟದಲ್ಲಿ ಸಿಕ್ಕಿಸಿದ್ದು ನೆನಪಾಗಿ ತೆಗೆದುಕೊಟ್ಟೆ. ತಂಗಿ ಅದನ್ನು ಮೂಸಿ ನೋಡಿದಳು, ನೀರಿನಲ್ಲಿ ಜಾಲಾಡಿ ಕಿಟಕಿಯ ಗಾಳಿಗೆ ಹರವಿದಳು. ಒಣಗಿದ ಮೇಲೆ ಒಂದು ತುದಿಯನ್ನು ಕೂಸಿನ ಎಡಗಾಲಿಗೆ ಸಡಿಲವಾಗಿ ಕಟ್ಟಿದಳು. ಅಷ್ಟರಲ್ಲಿ ಅತ್ತೆ ಎದ್ದು ಬಂದರು. ಬಳೆಗಳನ್ನು ಮೊಣಕೈಗೆ ಸರಿಸಿ, ಮಣಿಕಟ್ಟನ್ನು ತಂಗಿಯ ಮುಂದೆ ಚಾಚಿದರು.

‘ಅಕಿ ನಿನ್ನಿಯಿಂದ ಕಣ್ಣು ಮುಚ್ಚಿಲ್ಲ. ಒಂದ್ ಗಳಿಗಿ ಮಲ್ಕೊಳ್ಲಿ. ನನ್ ಕೈಗೆ ಕಟ್ಟಂತ ಹೇಳವ್ವ,’ ಎಂದರು.

ನಾನು ಹೇಳಬೇಕಾಗಲಿಲ್ಲ. ತಂಗಿ ಚಾಚಿದ ಕೈಯನ್ನು ನೋಡಿದಳು. ಅತ್ತೆಯ ಮುಖ ನೋಡಿದಳು. ಪಟ್ಟಿಯ ಇನ್ನೊಂದು ತುದಿಯನ್ನು ತನ್ನ ಮಣಿಕಟ್ಟಿಗೇ ಸುತ್ತಿ, ಹಲ್ಲಿನಿಂದ ಗಂಟು ಬಿಗಿದಳು. ಆಮೇಲೆ ಅಂಗೈಯನ್ನು ಎತ್ತಿ ಭುಜದ ಮೇಲಿಂದ ಹಿಂದಕ್ಕೆ ಒಮ್ಮೆ ಬೀಸಿದಳು.

ಅದರ ಅರ್ಥವನ್ನು ನಾನು ಯಾರಿಗೂ ಹೇಳಲಿಲ್ಲ. ಅತ್ತೆ ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, ಬೆಂಚಿನ ತುದಿಯಲ್ಲಿ ಕಾಯುತ್ತ ಕೂತರು.